ಹಿಸ್ಟಮಿನ್: ದೇಹದ ಕಾವಲಿನ ಕೂಗು

(ಜೇನು ಸಾಕುವವರು, ತೋಟದ ಕೆಲಸಗಾರರು ಹಾಗೂ ಕಾಲೇಜು ವಿದ್ಯಾರ್ಥಿಗಳು ಸೇರಿದ್ದ ಶಿಬಿರದಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



ಮಲೆನಾಡಿನಲ್ಲಿ ಹುಟ್ಟಿ ಬೆಳೆದವರಿಗೆ ತುರಿಕೆ, ದದ್ದು, ಬಾವುಗಳು ಹೊಸ ಸಂಗತಿಗಳಲ್ಲ. ಮಳೆಗಾಲದಲ್ಲಿ ಸೊಳ್ಳೆ, ನೊರಜು, ಉಂಬಳ, ಬೇಸಿಗೆಯಲ್ಲಿ ಉಣ್ಣೆ, ಸೊಪ್ಪಿನ ಬೆಟ್ಟಕ್ಕೆ ಹೋದರೆ ತುರಚೆ ಗಿಡ, ತೋಟದ ಅಂಚಿನ ಪೊದೆಯಲ್ಲಿ ಕಡಜದ ಗೂಡು, ಹೆಮ್ಮರದ ಕೊಂಬೆಯಲ್ಲಿ ಹೆಜ್ಜೇನು. ಇವುಗಳ ನಡುವೆಯೇ ಇಲ್ಲಿನ ಬದುಕು ಸಾಗಿ ಬಂದಿದೆ. ಕಚ್ಚಿದ ಜಾಗಕ್ಕೆ ಸುಣ್ಣ ಹಚ್ಚಿ, ಮರುದಿನ ಮರೆತುಬಿಡುವುದು ರೂಢಿ. ನೂರರಲ್ಲಿ ಬಹುಪಾಲು ಸಲ ಅಷ್ಟರಲ್ಲಿಯೇ ಮುಗಿಯುತ್ತದೆ. ಆದರೆ ಒಂದೊಂದು ಸಲ ಒಂದೇ ಒಂದು ಜೇನುನೊಣದ ಕಡಿತಕ್ಕೆ ಆರೋಗ್ಯವಂತ ಮನುಷ್ಯನೊಬ್ಬ ಕಾಲು ಗಂಟೆಯೊಳಗೆ ಕುಸಿದು ಬೀಳುವುದುಂಟು. ಅದೇ ನೊಣ, ಅದೇ ವಿಷ. ಒಬ್ಬನಿಗೆ ಬರಿಯ ಬಾವು, ಇನ್ನೊಬ್ಬನಿಗೆ ಪ್ರಾಣಾಪಾಯ. ಈ ವ್ಯತ್ಯಾಸಕ್ಕೆ ಕಾರಣವೇನು?

ಉತ್ತರದ ಬಹುಭಾಗ ಅಡಗಿರುವುದು ನೊಣದ ಮುಳ್ಳಿನಲ್ಲಲ್ಲ, ಕಡಿಸಿಕೊಂಡವನ ದೇಹದಲ್ಲಿ. ಅಲ್ಲಿ ಹಿಸ್ಟಮಿನ್ ಎಂಬ ಪುಟ್ಟ ರಾಸಾಯನಿಕವೊಂದು ದಾಸ್ತಾನಾಗಿರುತ್ತದೆ. ತುರಿಕೆಯ ಹಿಂದೆ ಇರುವುದು ಅದೇ. ಹೊಟ್ಟೆಯ ಆಮ್ಲದ ಹಿಂದೆ ಇರುವುದು ಅದೇ. ಬೆಳಗಿನ ಎಚ್ಚರದ ಹಿಂದೆ ಇರುವುದೂ ಅದೇ. ಅದರ ಸ್ವಭಾವವನ್ನು ತಿಳಿದುಕೊಂಡರೆ ಯಾವಾಗ ಸುಮ್ಮನಿರಬಹುದು, ಯಾವಾಗ ಒಂದು ನಿಮಿಷವನ್ನೂ ಕಳೆಯಬಾರದು ಎಂಬ ವಿವೇಕ ಮೂಡುತ್ತದೆ.

ಹೆಸರು ಮತ್ತು ಮೂಲ

ಹಿಸ್ಟಮಿನ್ ಅತಿ ಚಿಕ್ಕ ಸಂಯುಕ್ತ. ಐದು ಇಂಗಾಲ, ಒಂಬತ್ತು ಜಲಜನಕ, ಮೂರು ಸಾರಜನಕ. ಒಟ್ಟು 17 ಪರಮಾಣುಗಳು ಮಾತ್ರ. ಅಂಗಾಂಶ ಎಂಬ ಅರ್ಥದ ಗ್ರೀಕ್ ಪದವೊಂದರಿಂದ ಈ ಹೆಸರು ಬಂದಿದೆ. ಬೇಳೆ, ಹಾಲು, ಮೊಟ್ಟೆ, ಮೀನು, ಮಾಂಸಗಳಲ್ಲಿರುವ ಪ್ರೋಟೀನಿನ ಘಟಕಗಳಲ್ಲಿ ಹಿಸ್ಟಿಡಿನ್ ಎಂಬ ಅಮೈನೊ ಆಮ್ಲವೂ ಒಂದು. ದೇಹದ ಕೆಲವು ಜೀವಕೋಶಗಳು ಒಂದು ಕಿಣ್ವದ ನೆರವಿನಿಂದ ಹಿಸ್ಟಿಡಿನ್‌ನಿಂದ ಇಂಗಾಲದ ಡೈಆಕ್ಸೈಡನ್ನು ಕಳಚಿಹಾಕುತ್ತವೆ. ಉಳಿಯುವುದೇ ಹಿಸ್ಟಮಿನ್. ಈ ಕೆಲಸಕ್ಕೆ ಬಿ6 ಜೀವಸತ್ವವೂ ಬೇಕು. ಅಂದರೆ ಇದು ಹೊರಗಿನಿಂದ ಬಂದ ವಿಷವಲ್ಲ. ಉಂಡ ಅನ್ನದಿಂದ ದೇಹ ತಾನೇ ತಯಾರಿಸಿಕೊಳ್ಳುವ ವಸ್ತು.

ಇದನ್ನು ಮೊದಲು ಪ್ರಯೋಗಶಾಲೆಯಲ್ಲಿ ತಯಾರಿಸಿದವರು ಜರ್ಮನಿಯ ವಿಂಡಾಸ್ ಮತ್ತು ವೋಗ್ಟ್, ವರ್ಷ 1907. ಆಗ ಅದರ ಉಪಯೋಗವೇನೆಂದು ಯಾರಿಗೂ ತಿಳಿದಿರಲಿಲ್ಲ. 1910ರಲ್ಲಿ ಇಂಗ್ಲೆಂಡಿನ ಹೆನ್ರಿ ಡೇಲ್ ಮತ್ತು ಅವರ ಸಹೋದ್ಯೋಗಿಗಳು, ರೈ ಧಾನ್ಯದ ತೆನೆಗೆ ತಗಲುವ ಎರ್ಗಟ್ ಎಂಬ ಶಿಲೀಂಧ್ರದ ಸಾರದಲ್ಲಿ ಇದೇ ವಸ್ತುವನ್ನು ಕಂಡರು. ಅದನ್ನು ಪ್ರಾಣಿಗಳಿಗೆ ಚುಚ್ಚಿದಾಗ ಶ್ವಾಸನಾಳಗಳು ಬಿಗಿದುಕೊಂಡವು, ರಕ್ತದ ಒತ್ತಡ ಕುಸಿಯಿತು. ಹೊರಗಿನ ಪ್ರೋಟೀನಿಗೆ ದೇಹ ತೋರುವ ತೀವ್ರ ಪ್ರತಿಕ್ರಿಯೆಯೂ ಇದನ್ನೇ ಹೋಲುತ್ತದೆ ಎಂಬುದನ್ನು ಡೇಲ್ ಗಮನಿಸಿದರು. ಆದರೂ ಒಂದು ಸಂಶಯ ಉಳಿದಿತ್ತು. ಇದು ಜೀವಂತ ದೇಹದ ವಸ್ತುವೋ, ಅಂಗಾಂಶ ಕೊಳೆತಾಗ ಸೂಕ್ಷ್ಮಜೀವಿಗಳಿಂದ ಹುಟ್ಟುವುದೋ? 1927ರಲ್ಲಿ ತಾಜಾ ಯಕೃತ್ತು ಹಾಗೂ ಶ್ವಾಸಕೋಶದಿಂದ ಹಿಸ್ಟಮಿನ್ನನ್ನು ಬೇರ್ಪಡಿಸಿದ ಮೇಲೆ ಸಂಶಯ ತೀರಿತು. ಕೊಳೆಯುವಿಕೆಯ ಮಾತೂ ಪೂರ್ತಿ ಸುಳ್ಳಾಗಿರಲಿಲ್ಲ. ಮೀನಿನ ವಿಚಾರ ಬಂದಾಗ ಅದು ಮತ್ತೆ ಎದುರಾಗುತ್ತದೆ.

ಮುಂಗೈ ಮೇಲೆ ಒಂದು ಗೆರೆ

ಹಿಸ್ಟಮಿನ್‌ನ ಕೆಲಸವನ್ನು ಕಣ್ಣಾರೆ ಕಾಣಲು ಪ್ರಯೋಗಶಾಲೆಯೇ ಬೇಕೆಂದಿಲ್ಲ. ಮುಂಗೈಯ ಒಳಮೈಮೇಲೆ ಮೊಂಡು ಕಡ್ಡಿಯಿಂದ ಸ್ವಲ್ಪ ಒತ್ತಿ ಒಂದು ಗೆರೆ ಎಳೆಯಿರಿ. ಕೆಲವು ಕ್ಷಣಗಳಲ್ಲಿ ಗೆರೆಯುದ್ದಕ್ಕೂ ಚರ್ಮ ಕೆಂಪಾಗುತ್ತದೆ. ಆಮೇಲೆ ಸುತ್ತಲೂ ಹರಡಿದ ಇನ್ನೊಂದು ಕೆಂಪು ಛಾಯೆ ಮೂಡುತ್ತದೆ. ಕೆಲವರ ಚರ್ಮದಲ್ಲಿ ಮೂರನೆಯದಾಗಿ ಗೆರೆಯೇ ಉಬ್ಬಿ ಗದ್ದೆಯ ಬದುವಿನಂತೆ ಎದ್ದು ನಿಲ್ಲುತ್ತದೆ. ಬ್ರಿಟನ್ನಿನ ವೈದ್ಯ ಥಾಮಸ್ ಲೂಯಿಸ್ 1920ರ ದಶಕದಲ್ಲಿ ಇದನ್ನು ಕೂಲಂಕಷವಾಗಿ ಪರೀಕ್ಷಿಸಿ ‘ತ್ರಿವಿಧ ಪ್ರತಿಕ್ರಿಯೆ’ ಎಂದು ಕರೆದರು. ಚರ್ಮದೊಳಗಿಂದ ಹಿಸ್ಟಮಿನ್‌ನಂತಹ ವಸ್ತುವೊಂದು ಹೊರಬರುತ್ತಿರಬೇಕು ಎಂಬುದು ಅವರ ತರ್ಕ. ಹಿಸ್ಟಮಿನ್ನನ್ನೇ ಚರ್ಮಕ್ಕೆ ಸೂಜಿಮೊನೆಯಷ್ಟು ಚುಚ್ಚಿದರೂ ಇವೇ ಮೂರು ಹಂತಗಳು ಕಾಣುತ್ತವೆ. ಇಂದಿಗೂ ಒಗ್ಗದಿಕೆಯ ಚರ್ಮಪರೀಕ್ಷೆ ಮಾಡುವ ವೈದ್ಯರು ಹೋಲಿಕೆಗಾಗಿ ಒಂದು ಹನಿ ಹಿಸ್ಟಮಿನ್ನನ್ನೂ ಚುಚ್ಚುತ್ತಾರೆ.

ಮೂರು ಹಂತಗಳಿಗೂ ಅರ್ಥವಿದೆ. ಹಿಸ್ಟಮಿನ್ ತಗಲಿದ ಕಿರಿಯ ರಕ್ತನಾಳಗಳು ಹಿಗ್ಗುತ್ತವೆ, ಆದ್ದರಿಂದ ಕೆಂಪು. ನರದ ತುದಿಗಳು ಪ್ರಚೋದನೆಗೊಂಡು ಸುತ್ತಲಿನ ನಾಳಗಳಿಗೂ ಸುದ್ದಿ ಮುಟ್ಟಿಸುತ್ತವೆ, ಆದ್ದರಿಂದ ಹರಡಿದ ಛಾಯೆ. ತುರಿಕೆಯೂ ಇದೇ ನರಗಳ ಮೂಲಕ. ನಾಳದ ಗೋಡೆಯ ಕೋಶಗಳು ಪರಸ್ಪರ ಸ್ವಲ್ಪ ದೂರ ಸರಿದು ಸಂದು ಬಿಡುತ್ತವೆ, ಆ ಸಂದಿನಿಂದ ರಕ್ತದ ನೀರಿನಂಶ ಹೊರಗೆ ಜಿನುಗುತ್ತದೆ, ಆದ್ದರಿಂದ ಬಾವು. ಹೀಗೆ ಜಿನುಗುವ ನೀರಿನ ಜೊತೆ ರಕ್ಷಣೆಯ ಪ್ರೋಟೀನುಗಳೂ ಬಿಳಿ ರಕ್ತಕಣಗಳೂ ಪೆಟ್ಟಾದ ಜಾಗಕ್ಕೆ ತಲಪುತ್ತವೆ. ಕೆರೆಯ ತೂಬನ್ನು ಬೇಕಾದ ಗದ್ದೆಗೆ ಮಾತ್ರ ಎತ್ತಿದಂತೆ ಇದು. ಒಂದು ತೂಬು ಎತ್ತಿದರೆ ಗದ್ದೆಗೆ ಹಿತ. ಎಲ್ಲ ತೂಬುಗಳೂ ಒಟ್ಟಿಗೆ ತೆರೆದುಕೊಂಡರೆ ಕೆರೆಯೇ ಬರಿದು.

ಹಿಸ್ಟಮಿನ್‌ನ ಉಗ್ರಾಣ

ದೇಹದಲ್ಲಿ ಹಿಸ್ಟಮಿನ್‌ನ ಮುಖ್ಯ ಉಗ್ರಾಣ ‘ಮಾಸ್ಟ್ ಕೋಶ’. 1878ರಲ್ಲಿ ಪಾಲ್ ಏರ್ಲಿಕ್ ಇನ್ನೂ ವಿದ್ಯಾರ್ಥಿಯಾಗಿದ್ದಾಗ, ಬಣ್ಣ ಹಾಕಿ ನೋಡಿದ ಅಂಗಾಂಶಗಳಲ್ಲಿ ಕಾಳುಗಳಿಂದ ತುಂಬಿ ತುಳುಕುವ ಕೋಶಗಳನ್ನು ಕಂಡು, ಚೆನ್ನಾಗಿ ಉಂಡು ಕೊಬ್ಬಿದವು ಎಂಬ ಅರ್ಥ ಬರುವಂತೆ ಜರ್ಮನ್ ಭಾಷೆಯಲ್ಲಿ ಈ ಹೆಸರಿಟ್ಟರು. ಆ ಕಾಳುಗಳು ತಿಂದ ಆಹಾರವಲ್ಲ, ಕೋಶ ತಾನೇ ತುಂಬಿಟ್ಟುಕೊಂಡ ದಾಸ್ತಾನು. ಅದರಲ್ಲಿ ಹಿಸ್ಟಮಿನ್ ಇದೆಯೆಂದು ರೈಲಿ ಮತ್ತು ವೆಸ್ಟ್ ಎಂಬಿಬ್ಬರು ವಿಜ್ಞಾನಿಗಳು 1953ರಲ್ಲಿ ತೋರಿಸಿಕೊಟ್ಟರು. ಮಾಸ್ಟ್ ಕೋಶಗಳು ದೇಹದ ಗಡಿಗಳಲ್ಲಿ ಹೆಚ್ಚು: ಚರ್ಮದ ಕೆಳಗೆ, ಮೂಗಿನ ಒಳಪೊರೆಯಲ್ಲಿ, ಶ್ವಾಸನಾಳಗಳಲ್ಲಿ, ಕರುಳಿನಲ್ಲಿ, ರಕ್ತನಾಳಗಳ ಪಕ್ಕದಲ್ಲಿ. ಹೊರಗಿನದು ಒಳಗೆ ನುಗ್ಗಬಹುದಾದ ಕಡೆಯಲ್ಲೆಲ್ಲ ಕಾವಲು.

ಈ ಉಗ್ರಾಣದ ಬಾಗಿಲು ಮೂರು ಬಗೆಯಲ್ಲಿ ತೆರೆಯುತ್ತದೆ. ಮೊದಲನೆಯದು ನೇರ ಪೆಟ್ಟು: ಉಜ್ಜುವಿಕೆ, ಶಾಖ, ಚಳಿ. ಎರಡನೆಯದು ಕೆಲವು ರಾಸಾಯನಿಕಗಳ ನೇರ ಪ್ರಚೋದನೆ. ಜೇನುನೊಣದ ವಿಷದಲ್ಲಿ ಮಾಸ್ಟ್ ಕೋಶವನ್ನು ಒಡೆಯಿಸಲೆಂದೇ ಇರುವ ಪುಟ್ಟ ಪ್ರೋಟೀನೊಂದಿದೆ. ಕಡಜದ ವಿಷದಲ್ಲಿಯೂ ಅಂಥದೇ ಒಂದಿದೆ, ಅದರ ಜೊತೆಗೆ ಹಿಸ್ಟಮಿನ್ ಕೂಡ ಇದೆ. ಸಸ್ಯಗಳೂ ಈ ವಿದ್ಯೆಯಲ್ಲಿ ಹಿಂದೆ ಬಿದ್ದಿಲ್ಲ. ಯುರೋಪಿನ ತುರಿಕೆ ಗಿಡದ ಟೊಳ್ಳು ರೋಮಗಳಲ್ಲಿ ಹಿಸ್ಟಮಿನ್ ತುಂಬಿರುವುದನ್ನು 1947ರಲ್ಲಿ ತೋರಿಸಲಾಯಿತು.

ಮೂರನೆಯ ಬಗೆಯೇ ಅತಿ ಮುಖ್ಯವಾದದ್ದು. ದೇಹಕ್ಕೆ ಹೊಸ ಪ್ರೋಟೀನೊಂದು ಪ್ರವೇಶಿಸಿದಾಗ ಕೆಲವರಲ್ಲಿ ‘ಐಜಿಇ’ ಎಂಬ ಪ್ರತಿಕಾಯ ಸಿದ್ಧವಾಗುತ್ತದೆ. ಇದನ್ನು ಅಮೆರಿಕದಲ್ಲಿ ಕೆಲಸ ಮಾಡುತ್ತಿದ್ದ ಜಪಾನಿನ ಇಶಿಜಾಕಾ ದಂಪತಿ ಹಾಗೂ ಸ್ವೀಡನ್ನಿನ ವಿಜ್ಞಾನಿಗಳು 1966–67ರಲ್ಲಿ ಬೇರೆ ಬೇರೆಯಾಗಿಯೇ ಕಂಡುಹಿಡಿದರು. ಈ ಪ್ರತಿಕಾಯಗಳು ಮಾಸ್ಟ್ ಕೋಶದ ಮೈಗೆ ಅಂಟಿಕೊಂಡು ಕಾದು ಕುಳಿತಿರುತ್ತವೆ. ಮೊದಲ ಸಲ ಏನೂ ಆಗುವುದಿಲ್ಲ. ಮುಂದೊಂದು ದಿನ ಅದೇ ಪ್ರೋಟೀನು ಮತ್ತೆ ಬಂದು ಅಕ್ಕಪಕ್ಕದ ಎರಡು ಪ್ರತಿಕಾಯಗಳನ್ನು ಸೇತುವೆಯಂತೆ ಜೋಡಿಸಿದೊಡನೆ ಕೋಶ ತನ್ನ ಕಾಳುಗಳನ್ನೆಲ್ಲ ಹೊರಗೆ ಚೆಲ್ಲುತ್ತದೆ. ಇದಕ್ಕೆ ಕೆಲವೇ ನಿಮಿಷಗಳು ಸಾಕು. ‘ಹೋದ ವರ್ಷ ಜೇನು ಕಡಿದಾಗ ಏನೂ ಆಗಿರಲಿಲ್ಲ’ ಎಂಬ ಮಾತಿನ ಮೇಲೆ ಭರವಸೆ ಇಡುವಂತಿಲ್ಲ ಎನ್ನುವುದು ಈ ಕಾರಣಕ್ಕೆ. ಹೋದ ವರ್ಷದ ಕಡಿತವೇ ಈ ವರ್ಷದ ಆಪತ್ತಿಗೆ ಪೀಠಿಕೆಯಾಗಿರಬಹುದು.

ನಾಲ್ಕು ಬೀಗಗಳು

ಹೊರಬಿದ್ದ ಹಿಸ್ಟಮಿನ್ ತಾನೇ ಏನನ್ನೂ ಮಾಡುವುದಿಲ್ಲ. ಅದು ಕೀಲಿಕೈ ಮಾತ್ರ; ಬೀಗ ಇರುವುದು ಬೇರೆ ಬೇರೆ ಕೋಶಗಳ ಮೇಲೆ. ಈ ಬೀಗಗಳಿಗೆ ಗ್ರಾಹಕಗಳೆಂದು ಹೆಸರು. ಇದುವರೆಗೆ ನಾಲ್ಕು ಬಗೆಯವು ತಿಳಿದಿವೆ: ಎಚ್1, ಎಚ್2, ಎಚ್3, ಎಚ್4.

ಎಚ್1 ಗ್ರಾಹಕ ರಕ್ತನಾಳ, ಶ್ವಾಸನಾಳ, ನರಗಳಲ್ಲಿದೆ. ನೆಗಡಿಯಂತೆ ಸುರಿಯುವ ಮೂಗು, ಸೀನು, ತುರಿಕೆ, ದದ್ದು, ಉಬ್ಬಸದ ಬಿಗಿತ, ಇವೆಲ್ಲ ಈ ಬೀಗ ತೆರೆದದ್ದರ ಫಲ. ಎಚ್2 ಗ್ರಾಹಕದ ಮುಖ್ಯ ನೆಲೆ ಜಠರ. ಊಟ ಮಾಡಿದಾಗ ಜಠರದಿಂದ ಗ್ಯಾಸ್ಟ್ರಿನ್ ಎಂಬ ಹಾರ್ಮೋನು ಹೊರಟು, ಜಠರದ ಗೋಡೆಯಲ್ಲಿಯೇ ಇರುವ ವಿಶಿಷ್ಟ ಕೋಶಗಳಿಂದ ಹಿಸ್ಟಮಿನ್ನನ್ನು ಬಿಡಿಸುತ್ತದೆ. ಆ ಹಿಸ್ಟಮಿನ್ ಪಕ್ಕದ ಕೋಶಗಳಿಗೆ ಆಮ್ಲ ಸುರಿಸಲು ಹೇಳುತ್ತದೆ. ಮಾಸ್ಟ್ ಕೋಶದ ಗಲಾಟೆಗೂ ಈ ನಿತ್ಯದ ಕೆಲಸಕ್ಕೂ ಸಂಬಂಧವಿಲ್ಲ. ಎಚ್3 ಗ್ರಾಹಕ ಹೆಚ್ಚಾಗಿ ಮೆದುಳಿನಲ್ಲಿದೆ; 1983ರಲ್ಲಿ ಇದರ ಪತ್ತೆಯಾಯಿತು. ಎಚ್4 ರೋಗನಿರೋಧಕ ಕೋಶಗಳ ಮೇಲಿದೆ. ಇದು ಗೊತ್ತಾದದ್ದು 2000ದ ಸುಮಾರಿಗೆ.

ಬೀಗಗಳು ಬೇರೆಯಾದ್ದರಿಂದ ಔಷಧಗಳೂ ಬೇರೆ. ಡೇನಿಯಲ್ ಬೊವೆಟ್ ಪ್ಯಾರಿಸ್ಸಿನಲ್ಲಿ 1937ರಲ್ಲಿ ಹಿಸ್ಟಮಿನ್‌ಗೆ ಅಡ್ಡಬರುವ ಮೊದಲ ವಸ್ತುವನ್ನು ಕಂಡರು. ಅದು ಮನುಷ್ಯರಿಗೆ ಕೊಡಲಾರದಷ್ಟು ತೀಕ್ಷ್ಣವಾಗಿತ್ತು. ಅದೇ ದಾರಿಯಲ್ಲಿ ಮುಂದುವರಿದ ಸಂಶೋಧನೆಯಿಂದ ಇಂದಿನ ತುರಿಕೆ ಮಾತ್ರೆಗಳು ಬಂದವು. ಬೊವೆಟ್‌ಗೆ 1957ರಲ್ಲಿ ನೊಬೆಲ್ ಪುರಸ್ಕಾರ ಸಂದಿತು. ಆದರೆ ಈ ಮಾತ್ರೆಗಳು ಜಠರದ ಆಮ್ಲವನ್ನು ತಡೆಯಲಿಲ್ಲ. ಅಲ್ಲಿ ಬೇರೆ ಬೀಗವಿರಬೇಕೆಂದು ಜೇಮ್ಸ್ ಬ್ಲ್ಯಾಕ್ ಮತ್ತು ಸಂಗಡಿಗರು ಹುಡುಕಿ 1972ರಲ್ಲಿ ಎಚ್2 ಗ್ರಾಹಕವನ್ನು ಸಾಬೀತುಪಡಿಸಿದರು. 1976ರಲ್ಲಿ ಸಿಮೆಟಿಡಿನ್ ಬಳಕೆಗೆ ಬಂದಿತು, ಹೊಟ್ಟೆಹುಣ್ಣಿನ ಶಸ್ತ್ರಚಿಕಿತ್ಸೆಗಳು ಕಡಿಮೆಯಾದವು. ಬ್ಲ್ಯಾಕ್‌ಗೆ 1988ರಲ್ಲಿ ನೊಬೆಲ್ ದೊರಕಿತು. ಅದೇ ಗುಂಪಿನ ರಾನಿಟಿಡಿನ್ ದೀರ್ಘಕಾಲ ಮನೆಮಾತಾಗಿತ್ತು. ಅದರಲ್ಲಿ ಹಾನಿಕರ ಕಲ್ಮಶ ಪತ್ತೆಯಾದ ಮೇಲೆ ಹಲವು ದೇಶಗಳು ಅದನ್ನು ಹಿಂತೆಗೆದುಕೊಂಡವು. ಭಾರತದ ಅಗತ್ಯ ಔಷಧಗಳ ರಾಷ್ಟ್ರೀಯ ಪಟ್ಟಿಯಿಂದಲೂ 2022ರಲ್ಲಿ ಕೈಬಿಡಲಾಯಿತು. ಹಳೆಯ ಚೀಟಿ ಹಿಡಿದು ವರ್ಷಗಟ್ಟಲೆ ಅದೇ ಮಾತ್ರೆ ನುಂಗುತ್ತಿರುವವರು ವೈದ್ಯರನ್ನು ಒಮ್ಮೆ ಕೇಳುವುದು ಲೇಸು.

ಎಚ್ಚರವೂ ನಿದ್ದೆಯೂ

ಮೆದುಳಿನ ತಳಭಾಗದಲ್ಲಿ ಹಿಸ್ಟಮಿನ್ ಉತ್ಪಾದಿಸುವ ನರಕೋಶಗಳ ಪುಟ್ಟ ಗುಂಪೊಂದಿದೆ. ಅಲ್ಲಿಂದ ಹೊರಟ ಎಳೆಗಳು ಮೆದುಳಿನ ಎಲ್ಲ ಭಾಗಗಳಿಗೂ ಹರಡಿವೆ. ಮನುಷ್ಯ ಎಚ್ಚರವಾಗಿರುವಾಗ ಈ ಕೋಶಗಳು ಚುರುಕು, ನಿದ್ದೆಯಲ್ಲಿ ಮೌನ. ಎಚ್ಚರವನ್ನು ಕಾಯುವ ಹಲವು ಕಾವಲುಗಾರರಲ್ಲಿ ಹಿಸ್ಟಮಿನ್ ಒಬ್ಬ.

ಇಲ್ಲಿಯೇ ತೋಟದ ಕೆಲಸಗಾರರು ಗಮನಿಸಬೇಕಾದ ಮಾತಿದೆ. ಕ್ಲೋರ್‌ಫೆನಿರಮಿನ್, ಪ್ರೊಮೆಥಜಿನ್‌ನಂತಹ ಹಳೆಯ ತಲೆಮಾರಿನ ಮಾತ್ರೆಗಳು ಚರ್ಮದಲ್ಲಿ ಮಾತ್ರ ನಿಲ್ಲುವುದಿಲ್ಲ. ಮೆದುಳನ್ನೂ ಹೊಕ್ಕು ಅಲ್ಲಿನ ಎಚ್1 ಬೀಗವನ್ನು ಮುಚ್ಚುತ್ತವೆ. ಫಲ, ಮಂಪರು. ನೆಗಡಿ-ಕೆಮ್ಮಿಗೆಂದು ಅಂಗಡಿಯಲ್ಲಿ ಸಿಗುವ ಎಷ್ಟೋ ಸಿರಪ್ಪು, ಮಾತ್ರೆಗಳಲ್ಲಿ ಇವು ಬೆರೆತಿರುತ್ತವೆ. ನಿದ್ದೆ ಬಂದಂತೆ ಅನಿಸದಿದ್ದರೂ ಕೈಕಾಲಿನ ಚುರುಕು, ಕಣ್ಣಳತೆ ಕುಗ್ಗಿರುತ್ತವೆ. ಅಂಥ ಮಾತ್ರೆ ನುಂಗಿ ಅಡಿಕೆ ಮರ ಏರುವ ಕೊನೆಗಾರನ, ಘಟ್ಟದ ತಿರುವಿನಲ್ಲಿ ಜೀಪು ಓಡಿಸುವ ಚಾಲಕನ ಅಪಾಯ ಏನೆಂದು ವಿವರಿಸಬೇಕಾಗಿಲ್ಲ. ಮದ್ಯ ಸೇರಿದರೆ ಮಂಪರು ಇಮ್ಮಡಿ. ಲೊರಾಟಡಿನ್, ಫೆಕ್ಸೊಫೆನಡಿನ್‌ನಂತಹ ಹೊಸ ಮಾತ್ರೆಗಳು ಮೆದುಳನ್ನು ಹೊಕ್ಕುವುದು ಬಹಳ ಕಡಿಮೆ. ಸೆಟಿರಿಜಿನ್ ಕೆಲವರಿಗೆ ಸ್ವಲ್ಪ ನಿದ್ದೆ ತರುತ್ತದೆ. ಮರ ಹತ್ತುವ ಕೆಲಸ, ವಾಹನ ಓಡಿಸುವ ಕೆಲಸ ಯಾವುದೇ ಇರಲಿ, ಅದನ್ನು ವೈದ್ಯರಿಗೆ ಮೊದಲೇ ಹೇಳಿ ಮಾತ್ರೆ ಬರೆಸಿಕೊಳ್ಳುವುದು ಕ್ಷೇಮ. ಮಕ್ಕಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಕ್ಲೋರ್‌ಫೆನಿರಮಿನ್ ಮತ್ತು ಫಿನೈಲೆಫ್ರಿನ್ ಕೂಡಿದ ನೆಗಡಿ ಔಷಧವನ್ನು ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಕೊಡಬಾರದೆಂದು ಭಾರತದ ಔಷಧ ನಿಯಂತ್ರಕರು 2023ರಲ್ಲಿ ಸೂಚಿಸಿದ್ದಾರೆ.

ಎಲ್ಲ ತುರಿಕೆಯೂ ಹಿಸ್ಟಮಿನ್ ಅಲ್ಲ

ಕಾಡಿನಲ್ಲಿ ಹೊಲಗೇರು ಮರದ ಸೊನೆ ತಾಗಿದವರಿಗೆ ಮೈಯೆಲ್ಲ ಗುಳ್ಳೆ ಎದ್ದು ವಾರಗಟ್ಟಲೆ ನರಳುವುದು ತಿಳಿದೇ ಇದೆ. ಗೋಡಂಬಿ ಸಿಪ್ಪೆಯ ಎಣ್ಣೆಯದೂ ಅದೇ ಸ್ವಭಾವ. ನೋಡುವವರಿಗೆ ಎಲ್ಲವೂ ಒಂದೇ ತುರಿಕೆ. ಆದರೆ ಇಲ್ಲಿ ಐಜಿಇಯೂ ಇಲ್ಲ, ಮಾಸ್ಟ್ ಕೋಶದ ಪಾತ್ರವೂ ಮುಖ್ಯವಲ್ಲ. ರಕ್ಷಣೆಯ ಟಿ-ಕೋಶಗಳು ನಿಧಾನವಾಗಿ ಬಂದು ಸೊನೆ ಹತ್ತಿದ ಚರ್ಮದ ಮೇಲೆಯೇ ದಾಳಿ ಮಾಡುತ್ತವೆ. ಗುರುತು ಸುಲಭ. ಹಿಸ್ಟಮಿನ್ ದದ್ದು ನಿಮಿಷಗಳಲ್ಲಿ ಎದ್ದು, ಕೆಲವು ಗಂಟೆಗಳಲ್ಲಿ ಗುರುತಿಲ್ಲದೆ ಇಳಿಯುತ್ತದೆ. ಸೊನೆಯ ಗುಳ್ಳೆ ಒಂದೆರಡು ದಿನ ತಡವಾಗಿ ಎದ್ದು, ನೀರು ತುಂಬಿ, ಸಿಪ್ಪೆ ಏಳುತ್ತದೆ. ಮೊದಲನೆಯದಕ್ಕೆ ಹಿಸ್ಟಮಿನ್‌ರೋಧಕ ಮಾತ್ರೆ ಚೆನ್ನಾಗಿ ಕೆಲಸ ಮಾಡುತ್ತದೆ. ಎರಡನೆಯದಕ್ಕೆ ಅದರಿಂದ ಹೆಚ್ಚೇನೂ ಫಲವಿಲ್ಲ. ಸೊನೆ ತಾಗಿದ ಕೂಡಲೆ ಸಾಬೂನು ಹಾಕಿ ತೊಳೆಯುವುದು, ಆಮೇಲೆ ವೈದ್ಯರು ಹೇಳಿದ ಮುಲಾಮು ಹಚ್ಚುವುದು ಅದರ ದಾರಿ.

ಕಾಂಗ್ರೆಸ್ ಗಿಡ ಎಂದು ಕರೆಯುವ ಪಾರ್ಥೇನಿಯಂ ಎರಡೂ ಬಗೆಯಲ್ಲಿ ಕಾಡುತ್ತದೆ. ಹೊರದೇಶದಿಂದ ಬಂದು 1950ರ ದಶಕದಲ್ಲಿ ಪುಣೆಯ ಬಳಿ ಮೊದಲು ಗಮನಕ್ಕೆ ಬಿದ್ದ ಈ ಕಳೆ ಈಗ ರಸ್ತೆ ಬದಿ, ಪಾಳು ನೆಲಗಳನ್ನೆಲ್ಲ ಆಕ್ರಮಿಸಿದೆ. ಅದರ ಪರಾಗ ಮೂಗು ಹೊಕ್ಕರೆ ಐಜಿಇ, ಹಿಸ್ಟಮಿನ್‌ಗಳ ದಾರಿಯಲ್ಲಿ ಸೀನು, ನೆಗಡಿ, ಉಬ್ಬಸ. ಎಲೆಯ ರಸ ಚರ್ಮಕ್ಕೆ ಹತ್ತುತ್ತಿದ್ದರೆ ಟಿ-ಕೋಶಗಳ ದಾರಿಯಲ್ಲಿ ದೀರ್ಘಕಾಲದ ಚರ್ಮರೋಗ. ಹೂ ಬಿಡುವ ಮುನ್ನವೇ, ಕೈಗವಸು ಹಾಕಿ, ಬೇರು ಸಹಿತ ಕೀಳಬೇಕು ಎಂಬ ಸಲಹೆಗೆ ಈ ಎರಡೂ ಕಾರಣಗಳಿವೆ.

ಘಟ್ಟ ಹತ್ತಿದ ಬಂಗುಡೆ

ಕರಾವಳಿಯಿಂದ ಘಟ್ಟ ಹತ್ತಿ ಬರುವ ಬಂಗುಡೆ, ಬೂತಾಯಿ, ಗೆದರೆ ಜಾತಿಯ ಮೀನುಗಳ ಮಾಂಸದಲ್ಲಿ ಹಿಸ್ಟಿಡಿನ್ ಹೇರಳ. ಮಂಜುಗಡ್ಡೆ ಸಾಲದೆ ಮೀನು ಬೆಚ್ಚಗಾದರೆ ಕೆಲವು ಬ್ಯಾಕ್ಟೀರಿಯಾಗಳು ಆ ಹಿಸ್ಟಿಡಿನ್ನನ್ನು ಹಿಸ್ಟಮಿನ್ ಆಗಿ ಮಾರ್ಪಡಿಸುತ್ತವೆ. ದೇಹದ ಕಿಣ್ವ ಮಾಡುವ ಕೆಲಸವನ್ನೇ ಇಲ್ಲಿ ಸೂಕ್ಷ್ಮಜೀವಿಗಳು ಮಾಡುತ್ತವೆ. ಒಮ್ಮೆ ಹುಟ್ಟಿದ ಹಿಸ್ಟಮಿನ್ ಕುದಿಸಿದರೂ ಹೋಗದು, ಕಾಯಿಸಿ ಹುರಿದರೂ ಹೋಗದು, ಮತ್ತೆ ಮಂಜಿನಲ್ಲಿ ಇಟ್ಟರೂ ಹೋಗದು. ಮೀನು ನಾರದೆಯೂ ಇರಬಹುದು. ಅಂತಾರಾಷ್ಟ್ರೀಯ ಆಹಾರ ಸಂಹಿತೆಯಾದ ಕೋಡೆಕ್ಸ್ ಪ್ರಕಾರ ಒಂದು ಕಿಲೋ ಮೀನಿನಲ್ಲಿ ಹಿಸ್ಟಮಿನ್ 200 ಮಿಲಿಗ್ರಾಂ ಮೀರಬಾರದು.

ಇಂಥ ಮೀನು ತಿಂದ ಕೆಲವೇ ನಿಮಿಷಗಳಿಂದ ಒಂದು ಗಂಟೆಯೊಳಗೆ ಮುಖ ಕೆಂಪೇರುತ್ತದೆ, ತಲೆ ಸಿಡಿಯುತ್ತದೆ, ಎದೆ ಬಡಿತ ಹೆಚ್ಚುತ್ತದೆ. ದದ್ದು, ವಾಂತಿ, ಭೇದಿಗಳೂ ಆಗಬಹುದು. ಸಾಮಾನ್ಯವಾಗಿ ಒಂದು ದಿನದೊಳಗೆ ಶಮನವಾಗುತ್ತದೆ, ಹಿಸ್ಟಮಿನ್‌ರೋಧಕ ಮಾತ್ರೆಯಿಂದ ಬೇಗ ಗುಣ ಕಾಣುತ್ತದೆ. ಜನ ಇದನ್ನು ‘ಮೀನು ಒಗ್ಗುವುದಿಲ್ಲ’ ಎಂದು ತಿಳಿದು ಬಾಳೆಲ್ಲ ಮೀನು ಬಿಡುವುದುಂಟು. ವ್ಯತ್ಯಾಸ ತಿಳಿಯಲು ಒಂದು ಪ್ರಶ್ನೆ ಸಾಕು: ಅದೇ ಪಾತ್ರೆಯಿಂದ ಉಂಡ ಬೇರೆಯವರಿಗೂ ಹೀಗಾಯಿತೆ? ಹಲವರಿಗೆ ಆಗಿದ್ದರೆ ದೋಷ ಮೀನಿನದು. ಒಬ್ಬರಿಗೆ ಮಾತ್ರ, ತಾಜಾ ಮೀನು ತಿಂದಾಗಲೂ ಪ್ರತಿ ಸಲ ಆಗುತ್ತಿದ್ದರೆ ಅದು ನಿಜವಾದ ಒಗ್ಗದಿಕೆ. ಅಂಥವರು ಮೀನನ್ನು ಬಿಡಲೇಬೇಕು. ಮೀನು ಕೊಳ್ಳುವಾಗ ಬೆಲೆ ಕೇಳುವ ಮೊದಲು ಪೆಟ್ಟಿಗೆಯಲ್ಲಿ ಮಂಜುಗಡ್ಡೆ ಉಳಿದಿದೆಯೇ ಎಂದು ನೋಡಬೇಕು.

ತೂಬುಗಳೆಲ್ಲ ತೆರೆದಾಗ

ಹಿಸ್ಟಮಿನ್ ಹೊರಬಂದ ಮೇಲೆ ಅದನ್ನು ಒಡೆದುಹಾಕುವ ಎರಡು ಕಿಣ್ವಗಳು ದೇಹದಲ್ಲಿವೆ. ಅವು ಕೆಲವೇ ನಿಮಿಷಗಳಲ್ಲಿ ಬಹುಭಾಗವನ್ನು ನಾಶಮಾಡುತ್ತವೆ. ಕಡಿತದ ಬಾವು ಒಂದೇ ಕಡೆ ಉಳಿಯುವುದಕ್ಕೆ ಇದೂ ಒಂದು ಕಾರಣ. ಆದರೆ ಐಜಿಇ ಪ್ರತಿಕಾಯಗಳು ಮೈತುಂಬ ಇರುವ ವ್ಯಕ್ತಿಗೆ ಜೇನೋ ಕಡಜವೋ ಕಡಿದಾಗ, ದೇಹದ ನಾನಾ ಭಾಗಗಳ ಮಾಸ್ಟ್ ಕೋಶಗಳು ಒಟ್ಟಿಗೆ ಸಿಡಿಯುತ್ತವೆ. ರಕ್ತನಾಳಗಳೆಲ್ಲ ಹಿಗ್ಗುತ್ತವೆ, ನೀರಿನಂಶ ಸೋರಿಹೋಗುತ್ತದೆ, ರಕ್ತದೊತ್ತಡ ಬೀಳುತ್ತದೆ. ಗಂಟಲು ಬಾತು ಶ್ವಾಸನಾಳ ಬಿಗಿಯುತ್ತದೆ. ಇದಕ್ಕೆ ಅನಾಫಿಲಾಕ್ಸಿಸ್ ಎಂದು ಹೆಸರು. 1902ರಲ್ಲಿ ಫ್ರಾನ್ಸಿನ ರಿಶೆ ಮತ್ತು ಪೋರ್ತಿಯೆ ಇದನ್ನು ವಿವರಿಸಿದರು. ರಿಶೆಗೆ 1913ರಲ್ಲಿ ನೊಬೆಲ್ ಬಂದಿತು.

ಲಕ್ಷಣಗಳನ್ನು ಬಾಯಿಪಾಠ ಮಾಡಿಕೊಳ್ಳಬೇಕು. ಕಡಿದ ಜಾಗಕ್ಕೆ ಸೀಮಿತವಾದ ಬಾವು, ಅದು ಎಷ್ಟೇ ದೊಡ್ಡದಿರಲಿ, ಅನಾಫಿಲಾಕ್ಸಿಸ್ ಅಲ್ಲ. ಆದರೆ ಬಾಯಿ, ಗಂಟಲಿಗೆ ಕಡಿದರೆ ಬಾವಿನಿಂದಲೇ ಉಸಿರಿಗೆ ಕುತ್ತು ಬರಬಹುದು. ಅದಕ್ಕೂ ಆಸ್ಪತ್ರೆ ಬೇಕು. ಕಡಿತದಿಂದ ದೂರದಲ್ಲಿ ಮೈಯೆಲ್ಲ ದದ್ದು ಏಳುವುದು, ತುಟಿ-ನಾಲಿಗೆ ಬಾಯುವುದು, ದನಿ ಬದಲಾಗುವುದು, ಉಸಿರಿಗೆ ಕಷ್ಟ, ತಲೆಸುತ್ತು, ವಾಂತಿ, ಕಣ್ಣು ಕತ್ತಲೆ, ಇವು ಅಪಾಯದ ಗುರುತುಗಳು. ಕೆಲವರಲ್ಲಿ ದದ್ದೇ ಕಾಣದೆ ನೇರವಾಗಿ ಕುಸಿಯುವುದೂ ಇದೆ.

ಈ ಸ್ಥಿತಿಗೆ ಮದ್ದು ಅಡ್ರಿನಲಿನ್. ತುರಿಕೆ ಮಾತ್ರೆ ಹಿಸ್ಟಮಿನ್‌ನ ಒಂದು ಬೀಗವನ್ನು ಮುಚ್ಚುತ್ತದೆ, ಅಷ್ಟೇ. ಈಗಾಗಲೇ ಹಿಗ್ಗಿದ ನಾಳವನ್ನು ಅದು ಎಳೆದು ಕಟ್ಟುವುದಿಲ್ಲ. ಮಾಸ್ಟ್ ಕೋಶದಿಂದ ಹಿಸ್ಟಮಿನ್ ಜೊತೆ ಹೊರಬೀಳುವ ಇತರ ರಾಸಾಯನಿಕಗಳನ್ನೂ ಅದು ತಡೆಯದು. ನುಂಗಿದ ಮಾತ್ರೆ ಕೆಲಸ ಆರಂಭಿಸಲು ಅರ್ಧ ಗಂಟೆಯಾದರೂ ಬೇಕು. ಅಷ್ಟು ಸಮಯ ಅಲ್ಲಿಲ್ಲ. ಅಡ್ರಿನಲಿನ್ ರಕ್ತನಾಳಗಳನ್ನು ಬಿಗಿಗೊಳಿಸುತ್ತದೆ, ಶ್ವಾಸನಾಳಗಳನ್ನು ತೆರೆಯುತ್ತದೆ, ಹೃದಯಕ್ಕೆ ಬಲ ಕೊಡುತ್ತದೆ, ಮಾಸ್ಟ್ ಕೋಶಗಳು ಮತ್ತಷ್ಟು ಚೆಲ್ಲದಂತೆ ತಡೆಯುತ್ತದೆ. ವಯಸ್ಕರಿಗೆ ವೈದ್ಯರೋ ದಾದಿಯರೋ 0.5 ಮಿಲಿಗ್ರಾಂನಷ್ಟನ್ನು ತೊಡೆಯ ಹೊರಬದಿಯ ಸ್ನಾಯುವಿಗೆ ಚುಚ್ಚುತ್ತಾರೆ. ಗುಣ ಕಾಣದಿದ್ದರೆ ಐದು ನಿಮಿಷಗಳ ಬಳಿಕ ಮತ್ತೊಮ್ಮೆ. ಇದು ದುಬಾರಿ ಔಷಧವಲ್ಲ. ಹಾವು ಕಡಿತಕ್ಕೆ ಕುದುರೆಯ ರಕ್ತದಿಂದ ತಯಾರಿಸಿದ ಪ್ರತಿವಿಷ ನೀಡುವಾಗಲೂ ಇಂಥದೇ ಪ್ರತಿಕ್ರಿಯೆ ಆಗಬಹುದಾದ್ದರಿಂದ ಅಡ್ರಿನಲಿನ್ ಪಕ್ಕದಲ್ಲಿ ಸಿದ್ಧವಿರಬೇಕು.

ಆಸ್ಪತ್ರೆ ತಲಪುವ ತನಕ ಜೊತೆಗಿದ್ದವರು ಮಾಡಬೇಕಾದದ್ದು ಇಷ್ಟು. ಮೊದಲು ಗೂಡಿನಿಂದ ದೂರ ಸಾಗಿಸಬೇಕು. ಜೇನಿನ ಮುಳ್ಳು ಚರ್ಮದಲ್ಲಿ ಉಳಿದಿದ್ದರೆ ಉಗುರಿನಿಂದಲೋ ಕೈಗೆ ಸಿಕ್ಕಿದ್ದರಿಂದಲೋ ತಕ್ಷಣ ಕೆರೆದು ತೆಗೆಯಬೇಕು. ವಿಧಾನಕ್ಕಿಂತ ವೇಗ ಮುಖ್ಯ, ಏಕೆಂದರೆ ಕಿತ್ತುಬಂದ ವಿಷದ ಚೀಲ ಮಿಡಿಯುತ್ತಲೇ ಇರುತ್ತದೆ. ರೋಗಿಯನ್ನು ಅಂಗಾತ ಮಲಗಿಸಿ ಕಾಲುಗಳನ್ನು ಎತ್ತರಿಸಬೇಕು. ಉಸಿರಾಟ ಕಷ್ಟವಾಗಿದ್ದರೆ ಒರಗಿ ಕೂರಿಸಬಹುದು. ಏಳಿಸಿ ನಡೆಸಬಾರದು, ರಕ್ತದೊತ್ತಡ ಕುಸಿದವನನ್ನು ನಿಲ್ಲಿಸಿದೊಡನೆ ಹೃದಯ ನಿಂತ ಪ್ರಸಂಗಗಳಿವೆ. 108ಕ್ಕೆ ಕರೆ ಮಾಡಬೇಕು. ವಾಹನ ಬರುವುದು ತಡವೆಂದು ಕಂಡರೆ ಊರಿನ ವಾಹನದಲ್ಲಿಯೇ, ಮಲಗಿಸಿಕೊಂಡು, ಹೊರಡಬೇಕು. ಚೇತರಿಸಿಕೊಂಡ ಮೇಲೂ ಕೆಲವು ಗಂಟೆ ಆಸ್ಪತ್ರೆಯಲ್ಲಿ ಇರಬೇಕು. ಕೆಲವರಲ್ಲಿ ಎರಡನೆಯ ಅಲೆ ಬರುತ್ತದೆ. ಹೆಜ್ಜೇನು ಹಿಂಡಾಗಿ ಎರಗಿ ನೂರಾರು ಕಡಿತಗಳಾಗಿದ್ದರೆ, ಒಗ್ಗದಿಕೆ ಇಲ್ಲದವರಿಗೂ ವಿಷದ ಪ್ರಮಾಣದಿಂದಲೇ ಸ್ನಾಯು, ಮೂತ್ರಪಿಂಡಗಳಿಗೆ ಹಾನಿಯಾಗಬಹುದು, ಅವರನ್ನೂ ಕರೆದೊಯ್ಯಲೇಬೇಕು.

ಶತ್ರುವಲ್ಲ

ಇಷ್ಟೆಲ್ಲ ಕೇಳಿದ ಮೇಲೆ ಹಿಸ್ಟಮಿನ್ ಇಲ್ಲದಿದ್ದರೇ ಚೆನ್ನಾಗಿತ್ತೆಂದು ತೋರಬಹುದು. ಅದು ಸರಿಯಲ್ಲ ಎಂಬುದಕ್ಕೆ ಉಣ್ಣೆಯೇ ಸಾಕ್ಷಿ. ಉಣ್ಣೆ ದಿನಗಟ್ಟಲೆ ಚರ್ಮ ಕಚ್ಚಿ ರಕ್ತ ಹೀರಬೇಕು. ತುರಿಕೆ ಎದ್ದರೆ ಕೈ ಅಲ್ಲಿಗೆ ಹೋಗುತ್ತದೆ, ಉಣ್ಣೆಯ ಆಟ ಮುಗಿಯುತ್ತದೆ. ಆದ್ದರಿಂದ ಅದು ಹಿಸ್ಟಮಿನ್ನನ್ನೇ ಕಟ್ಟಿಹಾಕುವ ಉಪಾಯ ಕಲಿತಿದೆ. ಆಫ್ರಿಕಾದ ಜಾನುವಾರುಗಳ ಮೇಲಿನ ಉಣ್ಣೆಯೊಂದರ ಜೊಲ್ಲಿನಲ್ಲಿ ಹಿಸ್ಟಮಿನ್ನನ್ನು ಹಿಡಿದಿಡುವ ಪ್ರೋಟೀನುಗಳಿರುವುದು 1999ರಲ್ಲಿ ಪ್ರಕಟವಾಯಿತು. ಕಳ್ಳನು ಮೊದಲು ನಾಯಿಯ ಬಾಯಿ ಕಟ್ಟುತ್ತಾನೆಂದರೆ, ನಾಯಿ ಮನೆಗೆ ಬೇಕಾದದ್ದೇ ಎಂದರ್ಥ.

1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಮಂಗನ ಕಾಯಿಲೆ ಇಂದಿಗೂ ಉಣ್ಣೆಯಿಂದಲೇ ಹರಡುತ್ತಿದೆ. ಉಣ್ಣೆ ಕಚ್ಚಿದ್ದು ತುರಿಕೆಯಿಂದ ಗೊತ್ತಾಗುತ್ತದೆ ಎಂದು ಕಾಯುವಂತಿಲ್ಲ. ಕಾಡಿನಿಂದ ಮರಳಿದವರು ಬಟ್ಟೆ ಕಳಚಿ ಮೈಯನ್ನು ಕಣ್ಣಾರೆ ನೋಡಿಕೊಳ್ಳಬೇಕು, ಬಿಸಿನೀರು ಸಾಬೂನಿನಲ್ಲಿ ಮೀಯಬೇಕು.

ಕಾಡೂ ಜೇನೂ ಇಲ್ಲಿಯ ಬದುಕಿನ ಭಾಗ. ಹೆಜ್ಜೇನಿಲ್ಲದ ಬೆಟ್ಟದಲ್ಲಿ ಎಷ್ಟೋ ಮರಗಳ ಹೂವು ಕಾಯಿ ಕಟ್ಟದು. ಕಡಿತಕ್ಕೆ ಹೆದರಿ ಗೂಡಿಗೆ ಬೆಂಕಿ ಇಡುವುದು ಪರಿಹಾರವಲ್ಲ. ಪರಿಹಾರ ಇರುವುದು ಬೇರೆಡೆ. ಪ್ರತಿಯೊಂದು ಗ್ರಾಮಸಭೆಯೂ ತನ್ನ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ಮೂರು ಪ್ರಶ್ನೆ ಕೇಳಲಿ. ಅಡ್ರಿನಲಿನ್ ದಾಸ್ತಾನಿದೆಯೇ? ಅದರ ಅವಧಿ ಮುಗಿದಿಲ್ಲವಷ್ಟೇ? ರಾತ್ರಿ ಹೊತ್ತು ಅದನ್ನು ಚುಚ್ಚುವವರು ಯಾರು? ಹಿಂದೆ ಒಮ್ಮೆ ಕಡಿತದಿಂದ ಕುಸಿದವರಿದ್ದರೆ ಅವರ ಮನೆಯವರಿಗೂ ನೆರೆಯವರಿಗೂ ಆ ವಿಷಯ ಗೊತ್ತಿರಲಿ. ಅಂಥವರು ಒಂಟಿಯಾಗಿ ಕಾಡಿಗೆ, ತೋಟಕ್ಕೆ ಹೋಗದಿರಲಿ. ದೇಹದ ಕಾವಲುಗಾರ ಒಮ್ಮೊಮ್ಮೆ ಹದ ತಪ್ಪಿ ಕೂಗುತ್ತಾನೆ. ಆಗ ಆ ಕೂಗಿನ ಅರ್ಥ ತಿಳಿದವರು ಊರಿನಲ್ಲಿ ನಾಲ್ವರಾದರೂ ಇರಬೇಕು.